ತುದಿಗಾಲೂ ಬಿಗಿಮುಷ್ಟಿಯೂ

ಪಾಶ್ಚಾತ್ಯರ ಬ್ಯಾಲೆ ನೃತ್ಯವನ್ನು ಕಂಡವರ ಮನಸ್ಸಿಗೆ ಮೊದಲು ಹತ್ತುವುದು ಅದರ ಹಗುರ. ನರ್ತಕಿಯು ಕಾಲ್ಬೆರಳ ತುದಿಯ ಮೇಲೆ ನಿಂತು, ತನಗೆ ಭಾರವೆಂಬುದೇ ಇಲ್ಲವೆಂಬಂತೆ ಮೇಲಕ್ಕೇಳುತ್ತಾಳೆ. ಗರಡಿಯಲ್ಲಿ ಪಳಗಿದವನ ರೀತಿ ಇದಕ್ಕೆ ತೀರ ವಿರುದ್ಧವಾದುದು. ಅವನು ಮಂಡಿಯನ್ನು ಮಡಿಸಿ ನೆಲವನ್ನು ಕಚ್ಚಿ ನಿಲ್ಲತಕ್ಕವನು. ಇವೆರಡನ್ನೂ ಒಂದೇ ದೇಹದಲ್ಲಿ ಕೂಡಿಸುವುದೆಂತು? ಚೀನಾ ದೇಶದಲ್ಲಿ 1964ರಲ್ಲಿ ಇದಕ್ಕೊಂದು ಉತ್ತರ ದೊರೆಯಿತು. ಅದನ್ನು ಕುರಿತು ನಾವು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಬೀಜಿಂಗಿನಲ್ಲಿ ನೃತ್ಯಶಾಲೆಯು ಸ್ಥಾಪಿತವಾದುದು 1954ರಲ್ಲಿ. ರಷ್ಯದ ಆಚಾರ್ಯರು ಬಂದು ಪಾಠ ಹೇಳಿದರು. 1958ರಲ್ಲಿ ಅಲ್ಲಿಯವರು 'ಹಂಸಸರೋವರ'ವನ್ನು ಆಡಿ ತೋರಿಸಿದರು. ಆದರೆ ರಾಜಕುಮಾರರ ಮತ್ತು ಯಕ್ಷಿಯರ ಕಥೆ ಕ್ರಾಂತಿಯ ನಾಡಿಗೆ ಎಷ್ಟು ದಿನ ಹಿಡಿಸೀತು? ಪ್ರಧಾನಿ ಚೌ ಎನ್‌ಲಾಯ್ ಅವರ ಪ್ರೇರಣೆಯಿಂದ ಕಲಾವಿದರು 1961ರ ಒಂದು ಚಲಚ್ಚಿತ್ರದ ಕಥೆಯನ್ನು ಆರಿಸಿಕೊಂಡರು. ಹೈನಾನ್ ದ್ವೀಪದ ಜಮೀನ್ದಾರನೊಬ್ಬನ ಸೆರೆಯಿಂದ ಜೀತದ ಹುಡುಗಿಯೊಬ್ಬಳು ತಪ್ಪಿಸಿಕೊಂಡು ಹೆಂಗಸರ ಸೇನೆಯನ್ನು ಸೇರುವ ಕಥೆ ಅದು. 'ಕೆಂಪು ಮಹಿಳಾ ಪಡೆ' ಎಂದು ಅದರ ಹೆಸರು.

ತೊಡಕು ಅಲ್ಲಿಯೇ ಹುಟ್ಟಿತು. ಹಂಸದಂತೆ ತೋಳಾಡಿಸಲು ಕಲಿತವಳು ಬಂದೂಕು ಹಿಡಿದರೆ ಯಾರು ನಂಬುವರು? ನರ್ತಕಿಯರು ಸೈನಿಕರ ನಡುವೆ ವಾಸಮಾಡಿ ಕವಾಯತು ಕಲಿತರು. ಆದರೆ ಕವಾಯತು ನೃತ್ಯವಲ್ಲವಷ್ಟೆ. ನಿಜವಾದ ನೆರವು ಬಂದುದು ಪೀಕಿಂಗಿನ ಹಳೆಯ ಗೇಯನಾಟಕದಿಂದ. ಅಲ್ಲಿಯ ನಟರಿಗೆ ಕತ್ತಿವರಸೆ, ಈಟಿಯಾಟ, ಲಾಗ ಇವೆಲ್ಲ ಬಾಲ್ಯದಿಂದಲೇ ಆಗುವ ಪಾಠ. ರಂಗದ ಮೇಲಿನ ಕಾಳಗವೆಂದರೆ ತಾಳಕ್ಕೆ ಕಟ್ಟಿದ ಕುಣಿತವೇ ಸರಿ. ನಮ್ಮ ಯಕ್ಷಗಾನದ ಯುದ್ಧಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಈ ಕೂಡಿಕೆಯ ಸೊಗಸನ್ನು ನಾವು ಕಾಣುವುದು ಮೊದಲ ಅಂಕದಲ್ಲಿ. ಬ್ಯಾಲೆಯಲ್ಲಿ ಗಂಡು ಹೆಣ್ಣು ಇಬ್ಬರೇ ಕುಣಿದರೆ ಅದು ಸಾಮಾನ್ಯವಾಗಿ ಪ್ರಣಯವೆಂದೇ ಅರ್ಥ. ಅವನು ಎತ್ತುವನು, ಅವಳು ಹಾರುವಳು. ಇಲ್ಲಿ ಓಡಿಹೋಗುವ ಹುಡುಗಿಯನ್ನು ಜಮೀನ್ದಾರನ ಬಂಟನು ಹಿಡಿಯುತ್ತಾನೆ, ಅವಳು ಅವನನ್ನು ಒದ್ದು ಕೊಡವಿಕೊಳ್ಳುತ್ತಾಳೆ. ಪ್ರಣಯದ ಚೌಕಟ್ಟಿನಲ್ಲೇ ಕಾಳಗವನ್ನು ಕೂರಿಸಿದ್ದಾರೆ! ಅವಳು ಮೇಲಕ್ಕೆ ಹಾರಿ, ಹಿಂಗಾಲು ತಲೆಯನ್ನು ಮುಟ್ಟುವಂತೆ ಬೆನ್ನನ್ನು ಬಿಲ್ಲಾಗಿ ಬಾಗಿಸುವ ಭಂಗಿಯು ಚೀನೀಯರ ನೃತ್ಯದಿಂದ ಬಂದದ್ದು. ಪಾದದಲ್ಲಿ ಬ್ಯಾಲೆಯ ಪಾದರಕ್ಷೆ ಹಾಗೆಯೇ ಇದೆ. ಹೂವಿನಂತೆ ಅರಳಬೇಕಾದ ಕೈ ಮಾತ್ರ ಮುಷ್ಟಿಯಾಗಿದೆ. ಸೇನೆಯ ಸಾಮೂಹಿಕ ಕುಣಿತಗಳು ನಮಗೆ ಅಷ್ಟು ಹಿಡಿಸವು. ಅವುಗಳಲ್ಲಿ ಕವಾಯತು ಇನ್ನೂ ಕವಾಯತಾಗಿಯೇ ಉಳಿದಿದೆ. ಹೋರಾಡಲು ಕಾರಣವುಳ್ಳ ಒಂಟಿ ಹುಡುಗಿಯಲ್ಲಿ ಎರಡು ವಿದ್ಯೆಗಳೂ ಒಂದಾದುವು.

ಈ ಪ್ರಯೋಗಕ್ಕೆ ಮುಂದೆ ಒದಗಿದ ಗತಿ ವಿಚಿತ್ರವಾದುದು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿಯು ಆರಂಭವಾದ ಮೇಲೆ ಇದು ಎಂಟು 'ಮಾದರಿ ಕೃತಿ'ಗಳಲ್ಲಿ ಒಂದೆನಿಸಿತು. 'ಹಂಸಸರೋವರ' ರಂಗದಿಂದ ಮರೆಯಾಯಿತು. ಯಾವುದನ್ನು ಕಲಿತು ಇದನ್ನು ಕಟ್ಟಿದರೋ ಅದನ್ನೇ ಆಡಲು ಅವಕಾಶವಿಲ್ಲವಾಯಿತು. 1972ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗಿಗೆ ಬಂದಾಗ ಅವರಿಗೆ ತೋರಿಸಿದ್ದೂ ಈ ಕೃತಿಯನ್ನೇ. ಆ ಕಾಲವು ಕಳೆದ ಮೇಲೆ ಹಂಸಗಳು ಮರಳಿ ಬಂದುವು. ಚೀನಾದ ರಾಷ್ಟ್ರೀಯ ಬ್ಯಾಲೆ ಮಂಡಲಿಯವರು ಈಗ ಎರಡನ್ನೂ ಆಡುತ್ತಾರೆ.