ಭಾಷೆ ತಿಳಿಯದ ಚಿತ್ರ, ಹಳ್ಳಿಯ ಪ್ರೇಕ್ಷಕ

ಶಿಗ್ಗಾಂವಿ ತಾಲ್ಲೂಕಿನ ದುಂಡಸಿಯಂಥ ಊರಿನಲ್ಲಿ ಭಾನುವಾರದ ಪತ್ರಿಕೆ ಬಿಡಿಸಿದ ಓದುಗನಿಗೆ ಜಪಾನಿನದೋ ಇಟಲಿಯದೋ ಚಿತ್ರವೊಂದರ ವಿಮರ್ಶೆ ಕಂಡರೆ ಏನನ್ನಿಸೀತು? ಆ ಚಿತ್ರ ಹತ್ತಿರದ ಟಾಕೀಸಿಗೆ ಬರುವಂಥದ್ದಲ್ಲ. ಬಂದರೂ ಅದರ ಭಾಷೆ ತಿಳಿಯದು. ಹಾಗಾದರೆ ಈ ವಿಮರ್ಶೆ ಯಾರಿಗಾಗಿ?

ಈ ಪ್ರಶ್ನೆಗೆ ಉತ್ತರ ಹುಡುಕಿದ ಊರು ಬಹಳ ದೂರದಲ್ಲೇನೂ ಇಲ್ಲ. ಹಾನಗಲ್ಲಿನಿಂದ ದಕ್ಷಿಣಕ್ಕೆ ಆನವಟ್ಟಿ, ಸೊರಬ ದಾಟಿದರೆ ಸಾಗರ. ಅದೇ ತಾಲ್ಲೂಕಿನ ಹಳ್ಳಿ ಹೆಗ್ಗೋಡು. ಅಲ್ಲಿನ ಅಡಿಕೆ ಬೆಳೆಗಾರರು, ಊರ ಯುವಕರು ಸೇರಿ 1949ರಲ್ಲಿ ಕಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವೇ ಇಂದಿನ ನೀನಾಸಮ್. ನಾಟಕಕ್ಕೆ ಹೆಸರಾದ ಈ ಸಂಸ್ಥೆ ಕೆ.ವಿ. ಸುಬ್ಬಣ್ಣ ಅವರ ಮುಂದಾಳುತನದಲ್ಲಿ 1973ರಲ್ಲಿ ಚಿತ್ರಸಮಾಜವನ್ನೂ ಆರಂಭಿಸಿತು.

ಅದುವರೆಗೆ ಚಿತ್ರಸಮಾಜವೆಂದರೆ ಪಟ್ಟಣದ ಸಂಗತಿ. ಸತ್ಯಜಿತ್ ರಾಯ್ ಮತ್ತು ಗೆಳೆಯರು 1947ರಲ್ಲಿ ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. 1952ರಲ್ಲಿ ನಡೆದ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಇಟಲಿಯ 'ಬೈಸಿಕಲ್ ಥೀವ್ಸ್', ಜಪಾನಿನ 'ರಾಶೋಮಾನ್' ಪ್ರದರ್ಶನಗೊಂಡು ನಮ್ಮ ನಿರ್ದೇಶಕರ ಕಣ್ಣು ತೆರೆಸಿದವು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಯಿತು. 1971ರಲ್ಲಿ ಬೆಂಗಳೂರಿನಲ್ಲಿ 'ಸುಚಿತ್ರಾ' ಹುಟ್ಟಿತು. ಇಂಥ ಕೂಟಗಳಿಗೆ ಬರುತ್ತಿದ್ದವರು ಹೆಚ್ಚಾಗಿ ಇಂಗ್ಲಿಷ್ ಬಲ್ಲ ವಿದ್ಯಾವಂತರು. ಪರದೆಯ ಕೆಳಗಿನ ಇಂಗ್ಲಿಷ್ ಅಡಿಬರಹವೂ ಅವರಿಗೇ ಸಾಕು ಎಂಬಂತಿತ್ತು.

ಕನ್ನಡದಲ್ಲಿ ಇನ್ನೊಂದು ತೊಡಕೂ ಇತ್ತು. 1960ರ ದಶಕದ ಚಳವಳಿಯ ನಂತರ ಡಬ್ಬಿಂಗ್ ಚಿತ್ರಗಳಿಗೆ ಇಲ್ಲಿ ಅಘೋಷಿತ ನಿಷೇಧ ಬಿತ್ತು. ಕನ್ನಡ ಚಿತ್ರರಂಗವನ್ನು, ಅದನ್ನು ನಂಬಿದ ಕುಟುಂಬಗಳನ್ನು ಉಳಿಸಬೇಕೆಂಬ ಕಾಳಜಿ ಅದರ ಹಿಂದಿತ್ತು. ಆದರೆ ಪರಿಣಾಮವಾಗಿ ಪರದೇಶದ ಪಾತ್ರ ಕನ್ನಡದಲ್ಲಿ ಮಾತನಾಡುವಂತಿರಲಿಲ್ಲ. ಚಿತ್ರಕ್ಕೂ ಪ್ರೇಕ್ಷಕನಿಗೂ ನಡುವೆ ಉಳಿದ ಸೇತುವೆ ಒಂದೇ: ಕನ್ನಡದಲ್ಲಿ ವಿವರಿಸಿ ಹೇಳುವುದು.

ಹೆಗ್ಗೋಡು ಹಿಡಿದದ್ದು ಆ ದಾರಿಯನ್ನು. 1977ರಲ್ಲಿ ಅಲ್ಲಿ ಚಿತ್ರೋತ್ಸವ ನಡೆದು, ರಾಯ್ ಅವರ ಚಿತ್ರಗಳ ಜೊತೆಗೆ ಪಾಶ್ಚಾತ್ಯ ನಿರ್ದೇಶಕರ ಕೃತಿಗಳೂ ಹಳ್ಳಿಯ ಜನರೆದುರು ತೆರೆಯ ಮೇಲೆ ಬಂದವು. 1979ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ್ ಬಹಾದ್ದೂರ್ ಅಲ್ಲಿಗೆ ಬಂದು ಚಿತ್ರ ರಸಗ್ರಹಣ ಶಿಬಿರ ನಡೆಸಿಕೊಟ್ಟರು. ಚಿತ್ರವನ್ನು ಬಿಡಿಸಿ ನೋಡುವುದು ಹೇಗೆ, ಒಂದು ಚಿತ್ರಿಕೆಯ ಪಕ್ಕದಲ್ಲಿ ಇನ್ನೊಂದನ್ನು ಜೋಡಿಸಿದಾಗ ಅರ್ಥ ಹೇಗೆ ಹುಟ್ಟುತ್ತದೆ ಎಂಬುದನ್ನು ಕಲಿಸುವುದೇ ಇಂಥ ಶಿಬಿರದ ಕೆಲಸ. 1980ರ ದಶಕದಲ್ಲಿ 'ಜನಸ್ಪಂದನ' ಯೋಜನೆಯ ಮೂಲಕ ಈ ಕೆಲಸ ನಾಡಿನ ಬೇರೆ ಊರುಗಳಿಗೂ ಹಬ್ಬಿತು. 1991ರಲ್ಲಿ ಸುಬ್ಬಣ್ಣ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಸಾಮಾನ್ಯ ಓದುಗನಿಗಾಗಿ ಬರೆಯುವ ವಿಮರ್ಶಕನಿಗೆ ಇದರಲ್ಲಿ ಒಂದು ಪಾಠವಿದೆ. ಎಲ್ಲವನ್ನೂ ವಿವರಿಸಬೇಕಾಗಿಲ್ಲ. ವಿಟ್ಟೋರಿಯೊ ಡಿ ಸಿಕಾ 1948ರಲ್ಲಿ ತೆಗೆದ 'ಬೈಸಿಕಲ್ ಥೀವ್ಸ್' ಚಿತ್ರವನ್ನೇ ನೋಡಿ. ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಗಬೇಕಾದರೆ ಆಂಟೋನಿಯೊಗೆ ಸೈಕಲ್ ಬೇಕು. ಒತ್ತೆ ಬಿದ್ದ ಸೈಕಲ್ ಬಿಡಿಸಲು ಹೆಂಡತಿ ಮನೆಯ ಹಾಸಿಗೆ ಬಟ್ಟೆಗಳನ್ನು ಒತ್ತೆ ಇಡುತ್ತಾಳೆ. ಕೆಲಸದ ಮೊದಲ ದಿನವೇ ಸೈಕಲ್ ಕಳುವಾಗುತ್ತದೆ. ಕೊನೆಗೆ ತಾನೇ ಸೈಕಲ್ ಕದಿಯಲು ಹೋಗಿ ಸಿಕ್ಕಿಬಿದ್ದ ತಂದೆಯ ಕೈಯನ್ನು ಪುಟ್ಟ ಮಗ ಹಿಡಿದುಕೊಳ್ಳುತ್ತಾನೆ. ಒತ್ತೆ ಇಡುವ ಸಂಕಟ, ಮಗನೆದುರು ತಲೆ ತಗ್ಗಿಸುವ ಅವಮಾನ ದುಂಡಸಿಯವರಿಗೆ ಹೊಸತಲ್ಲ. ಇಲ್ಲಿ ಟಿಪ್ಪಣಿ ಬೇಕಿಲ್ಲ. ಹೇಳಬೇಕಾದದ್ದು ಬೇರೆ: ಯುದ್ಧ ಮುಗಿದ ಇಟಲಿಯಲ್ಲಿ ನಿರುದ್ಯೋಗ ಎಷ್ಟು ಕಾಡಿತ್ತು, ನಿರ್ದೇಶಕರು ಸ್ಟುಡಿಯೊ ಬಿಟ್ಟು ಬೀದಿಗೆ ಇಳಿದದ್ದೇಕೆ, ನಾಯಕನ ಪಾತ್ರಕ್ಕೆ ನಟನನ್ನು ಬಿಟ್ಟು ಕಾರ್ಖಾನೆಯ ಕೆಲಸಗಾರನನ್ನೇ ಆರಿಸಿಕೊಂಡದ್ದೇಕೆ ಎಂಬುದು.

ತಪ್ಪು ದಾರಿಗಳೂ ಇವೆ. ಇಡೀ ಕಥೆ ಹೇಳಿ ಮುಗಿಸುವುದು ಒಂದು. 'ಇದು ಜಪಾನಿನ ಹರಿಶ್ಚಂದ್ರ' ಎಂಬಂತೆ ಪರಿಚಿತ ಹೆಸರು ಅಂಟಿಸುವುದು ಇನ್ನೊಂದು. ಹೋಲಿಕೆ ಬಾಗಿಲು ತೆರೆಯಬೇಕೇ ಹೊರತು ಮುಚ್ಚಬಾರದು. 1950ರ 'ರಾಶೋಮಾನ್'ನಲ್ಲಿ ಒಂದೇ ಕೊಲೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುತ್ತಾರೆ. ಊರ ಪಂಚಾಯ್ತಿಯ ಜಗಳ ಕೇಳಿ ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ. ಆದರೆ ಪಂಚಾಯ್ತಿಯಲ್ಲಿ ಕಡೆಗೊಂದು ತೀರ್ಪು ಇರುತ್ತದೆ, ಕುರೊಸಾವಾ ತೀರ್ಪು ಕೊಡುವುದಿಲ್ಲ. ಈ ವ್ಯತ್ಯಾಸವನ್ನು ತೋರಿಸುವುದೇ ವಿಮರ್ಶಕನ ಕೆಲಸ.

ಸುಬ್ಬಣ್ಣ 2005ರಲ್ಲಿ ತೀರಿಕೊಂಡರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸರಿಯಲ್ಲ ಎಂದು ಆದೇಶಿಸಿತು. ಈಗ ಕೊರಿಯಾದ ಚಿತ್ರವೂ ದುಂಡಸಿಯ ಹುಡುಗನ ಮೊಬೈಲಿಗೆ ಬರುತ್ತದೆ. ಬಾರದ ಚಿತ್ರದ ಸುದ್ದಿ ತಲುಪಿಸುವುದು ಅಂದಿನ ವಿಮರ್ಶೆಯ ಹೊಣೆಯಾಗಿತ್ತು. ಬಂದು ಬಿದ್ದ ರಾಶಿಯಲ್ಲಿ ಯಾವುದು ಕಾಳು, ಯಾವುದು ಜೊಳ್ಳು ಎಂದು ಆರಿಸಲು ನೆರವಾಗುವುದು ಇಂದಿನ ಹೊಣೆ. ಹಳ್ಳಿಯವರಿಗೆ ಇದು ತಿಳಿಯುವುದಿಲ್ಲ ಎಂಬ ಮಾತನ್ನು ಹೆಗ್ಗೋಡು ದಶಕಗಳ ಹಿಂದೆಯೇ ಸುಳ್ಳಾಗಿಸಿದೆ. ಓದುಗನಲ್ಲಿ ಆ ನಂಬಿಕೆ ಇಟ್ಟು ಬರೆದ ವಿಮರ್ಶೆಯೇ ಊರಿಂದೂರಿಗೆ ನಡೆದೀತು.