ಬಾನುಲಿಯೇ ಪಾಠಶಾಲೆಯಾದಾಗ



2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಹಾವಳಿಯಿಂದ ನಮ್ಮ ಮಕ್ಕಳ ಶಾಲೆಗಳಿಗೆ ಬೀಗ ಬಿದ್ದದ್ದನ್ನು ನೀವ್ಯಾರೂ ಮರೆತಿರಲಾರಿರಿ. ಮುಂಬಯಿಯ ಚಾಳುಗಳಿಂದ ದಿಲ್ಲಿಯ ಸರಕಾರಿ ವಸತಿಗೃಹಗಳವರೆಗೆ ಎಲ್ಲೆಡೆ ಒಂದೇ ಮಾತು: "ಇಂಥದ್ದನ್ನು ಹಿಂದೆಂದೂ ಕಂಡಿರಲಿಲ್ಲ." ಆದರೆ ಇತಿಹಾಸದ ಪುಟಗಳನ್ನು ತಿರುವಿದರೆ, ಅದಕ್ಕೂ 83 ವರ್ಷಗಳ ಹಿಂದೆ ಒಂದು ಮಹಾನಗರ ಇದೇ ಸಂಕಟವನ್ನು ಎದುರಿಸಿತ್ತು. ಆಗ ಅದರ ಕೈಹಿಡಿದದ್ದು ಯಾವುದು ಗೊತ್ತೇ? ನಮ್ಮ ನಿಮ್ಮೆಲ್ಲರ ಗೆಳೆಯ, ರೇಡಿಯೋ!

ಆ ಊರು ಅಮೆರಿಕದ ಶಿಕಾಗೋ. ಕಾಲ 1937ರ ಸೆಪ್ಟೆಂಬರ್. ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯಬೇಕು ಎನ್ನುವಷ್ಟರಲ್ಲಿ ನಗರದಲ್ಲಿ ಪೋಲಿಯೋ ಹಬ್ಬಿತು. ಆಗ ಅದಕ್ಕೆ ಲಸಿಕೆಯಿರಲಿಲ್ಲ. ಜೋನಾಸ್ ಸಾಲ್ಕ್ ಅವರ ಲಸಿಕೆ ಬಳಕೆಗೆ ಬಂದದ್ದು 1955ರಲ್ಲಿ. ಅಮೆರಿಕದ ಅಂದಿನ ಅಧ್ಯಕ್ಷ ರೂಸ್‌ವೆಲ್ಟ್ ಅವರೇ 1921ರಲ್ಲಿ ಪೋಲಿಯೋ ಎಂದು ಗುರುತಿಸಲಾದ ಕಾಯಿಲೆಯಿಂದ ಕಾಲುಗಳ ಬಲ ಕಳೆದುಕೊಂಡವರು. ದೊಡ್ಡವರನ್ನೂ ಬಿಡದ ರೋಗವೆಂದ ಮೇಲೆ ತಾಯಂದಿರ ಎದೆ ನಡುಗದಿದ್ದೀತೇ? ಶಾಲೆ ತೆರೆಯುವುದನ್ನು ಮುಂದೂಡಲಾಯಿತು. ಮಕ್ಕಳು ಮನೆಯಲ್ಲೇ ಉಳಿದರು.

ಪಾಠದ ಗತಿ ಏನು? ನಗರದ ಶಾಲಾ ಆಡಳಿತ ಒಂದು ಉಪಾಯ ಹೂಡಿತು. ಆರು ರೇಡಿಯೋ ಕೇಂದ್ರಗಳು ತಮ್ಮ ಪ್ರಸಾರದ ಸಮಯವನ್ನು ಮಕ್ಕಳಿಗಾಗಿ ಬಿಟ್ಟುಕೊಟ್ಟವು. ಮೂರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಮನೆಯ ರೇಡಿಯೋ ಪೆಟ್ಟಿಗೆಯೇ ತರಗತಿಯಾಯಿತು.

ಏರ್ಪಾಡು ಎಷ್ಟು ಅಚ್ಚುಕಟ್ಟಾಗಿತ್ತು ನೋಡಿ. ಒಂದೊಂದು ಪಾಠವೂ 15 ನಿಮಿಷ. ಸೋಮವಾರ, ಬುಧವಾರ, ಶುಕ್ರವಾರ ಸಮಾಜಪಾಠ ಮತ್ತು ವಿಜ್ಞಾನ. ಮಂಗಳವಾರ, ಗುರುವಾರ, ಶನಿವಾರ ಇಂಗ್ಲಿಷ್ ಮತ್ತು ಗಣಿತ. ದಿನದ ಪಾಠ ಶುರುವಾಗುವ ಮೊದಲು ಪ್ರಕಟಣೆಗಳು ಮತ್ತು ವ್ಯಾಯಾಮ! ಯಾವ ತರಗತಿಗೆ ಯಾವ ಕೇಂದ್ರದಲ್ಲಿ ಯಾವ ಹೊತ್ತಿಗೆ ಪಾಠ ಎಂಬುದನ್ನು ಬೆಳಗಿನ ಪತ್ರಿಕೆಗಳು ಅಚ್ಚುಮಾಡುತ್ತಿದ್ದವು. ಅನುಮಾನ ಬಂದರೆ ಕೇಳಲು ದೂರವಾಣಿ ಸೌಲಭ್ಯವೂ ಇತ್ತು. ಉತ್ತರಿಸಲು 16 ಶಿಕ್ಷಕರನ್ನು ಕೂರಿಸಿದ್ದರು. ಕರೆಗಳು ಸಾವಿರ ದಾಟಿದಾಗ ಇನ್ನೂ ಐವರನ್ನು ಸೇರಿಸಬೇಕಾಯಿತು.

ಮೈಕಿನ ಮುಂದೆ ಕೂರುವ ನಮ್ಮಂಥವರಿಗೆ ಈ ಕೆಲಸದ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ. ತರಗತಿಯಲ್ಲಿ ಮೇಷ್ಟ್ರಿಗೆ ಮಗುವಿನ ಕಣ್ಣು ಕಾಣುತ್ತದೆ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳುತ್ತಾರೆ. ರೇಡಿಯೋದಲ್ಲಿ ಹೇಳಿದ ಮಾತು ಗಾಳಿಗೆ ಸೇರಿಹೋಯಿತು, ಅಷ್ಟೆ. ಶಿಕಾಗೋದಲ್ಲೂ ಇದೇ ದೂರು ಬಂತು. ಪಾಠ ಬಹಳ ವೇಗವೆಂದು ಕೆಲವರು, ಗರಗರ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲವೆಂದು ಮತ್ತೆ ಕೆಲವರು. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಮನೆಯಲ್ಲಿ ರೇಡಿಯೋ ಇಲ್ಲದ ಮಗು ಏನು ಮಾಡಬೇಕು? 1940ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ರೇಡಿಯೋ ಇದ್ದದ್ದು ನೂರಕ್ಕೆ ಸುಮಾರು 83 ಮನೆಗಳಲ್ಲಿ. ಉಳಿದ 17 ಮನೆಗಳ ಮಕ್ಕಳೂ ಮಕ್ಕಳೇ ಅಲ್ಲವೇ?

ಮೂರು ವಾರ ತುಂಬುವುದರೊಳಗೆ ಶಾಲೆಗಳು ತೆರೆದವು. ಪ್ರಯೋಗ ಚಿಕ್ಕದಾದರೂ ವ್ಯರ್ಥವಾಗಲಿಲ್ಲ. 1943ರಲ್ಲಿ ಶಿಕಾಗೋದ ಶಿಕ್ಷಣ ಮಂಡಳಿ ತನ್ನದೇ ಆದ ರೇಡಿಯೋ ಕೇಂದ್ರವನ್ನು ಆರಂಭಿಸಿತು.

ಇಲ್ಲಿ ನಮ್ಮವರನ್ನೂ ನೆನೆಯಬೇಕು. ಶಿಕಾಗೋದ ಪ್ರಯೋಗಕ್ಕೆ ಎರಡು ವರ್ಷ ಮೊದಲೇ, 1935ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದಿದ್ದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಮೇಷ್ಟ್ರಿಗೂ ಮೈಕಿಗೂ ನಂಟು ನಮ್ಮಲ್ಲಿ ಹೊಸದೇನಲ್ಲ.

ಮತ್ತೆ 2020ಕ್ಕೆ ಬರೋಣ. ಈ ಸಲ ರೇಡಿಯೋ ಜಾಗಕ್ಕೆ ಮೊಬೈಲು, ಟಿವಿ ಬಂದಿದ್ದವು. ಹಳೆಯ ಪ್ರಶ್ನೆ ಮಾತ್ರ ಹಾಗೇ ಇತ್ತು. ಲೋಕದಲ್ಲಿ ಕನಿಷ್ಠ 46 ಕೋಟಿ 30 ಲಕ್ಷ ಮಕ್ಕಳಿಗೆ ದೂರಶಿಕ್ಷಣ ತಲುಪಲೇ ಇಲ್ಲವೆಂದು ಯುನಿಸೆಫ್ ಆ ವರ್ಷದ ಆಗಸ್ಟ್‌ನಲ್ಲಿ ಹೇಳಿತು. ಅಂದರೆ ಶಾಲಾ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಪಾಲು.

ಈ ಕಂದರಕ್ಕೆ ಸೇತುವೆ ಕಟ್ಟಲು ಹೊರಟವರು ಶಿಕ್ಷಕರು ಮತ್ತು ಗ್ರಂಥಪಾಲಕರು. ಕರ್ನಾಟಕದಲ್ಲಿ ಚಂದನ ವಾಹಿನಿ 'ಸೇತುಬಂಧ' ಪಾಠಗಳನ್ನು ಬಿತ್ತರಿಸಿತು. 'ವಿದ್ಯಾಗಮ' ಯೋಜನೆಯಲ್ಲಿ ಮೇಷ್ಟ್ರುಗಳು ಹಳ್ಳಿಗೇ ಹೋಗಿ ಗುಡಿಯ ಜಗಲಿಯಲ್ಲಿ, ಮರದ ನೆರಳಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಆ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಗಿ ಬಂದದ್ದೂ ನಿಜ. ಕೇರಳದಲ್ಲಿ ಟಿವಿ ಇಲ್ಲದ ಮಕ್ಕಳು ಊರಿನ ಗ್ರಂಥಾಲಯದಲ್ಲಿ ಕೂತು ಟಿವಿ ಪಾಠ ನೋಡಿದರು. ಅಮೆರಿಕದಲ್ಲಿ ಬಾಗಿಲು ಮುಚ್ಚಿದ್ದರೂ ಅನೇಕ ಗ್ರಂಥಾಲಯಗಳು ವೈಫೈ ಆರಿಸಲಿಲ್ಲ. ಮಕ್ಕಳು ಹೊರಗೆ ನಿಂತ ಕಾರುಗಳಲ್ಲಿ ಕೂತು ಮನೆಪಾಠ ಮುಗಿಸಿದರು. ಕರ್ನಾಟಕದಲ್ಲೂ 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾಯಿತು. ಹಳ್ಳಿಯ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವ ಉಚಿತವಾಗಿ ದೊರೆಯಿತು.

ಗಮನಿಸಿದಿರಾ? ಪಾಠವನ್ನು ಗಾಳಿಯಲ್ಲಿ ಕಳಿಸುವುದು ಅರ್ಧ ಕೆಲಸ. ಅದು ತಲುಪದ ಮಗುವನ್ನು ಹುಡುಕಿಕೊಂಡು ಹೋಗುವುದು ಇನ್ನರ್ಧ. ಆ ಎರಡನೆಯ ಅರ್ಧಕ್ಕೆ ಯಂತ್ರ ಸಾಲದು, ಮನುಷ್ಯರು ಬೇಕು.

ನಾಡಿನ ಹೊರಗಿರುವ ನಮಗೆ ಈ ಮಾತು ಇನ್ನೂ ಹತ್ತಿರದ್ದು. ನಮ್ಮ ಎಷ್ಟೋ ಮಕ್ಕಳಿಗೆ ಶಾಲೆ ತೆರೆದಿರುವಾಗಲೂ ಕನ್ನಡ ದೂರಶಿಕ್ಷಣವೇ! ಅವರಿಗೆ ಅಕ್ಷರ ಸಿಗುವುದು ಮನೆಯಲ್ಲಿ ಅಥವಾ ಸಂಘದ ಭಾನುವಾರದ ತರಗತಿಯಲ್ಲಿ. ನಿಮ್ಮ ಕನ್ನಡ ಸಂಘದ ಕಪಾಟಿನಲ್ಲಿ ಮಕ್ಕಳ ಪುಸ್ತಕಗಳು ಎಷ್ಟಿವೆ? ಅದರ ಬೀಗದ ಕೈ ಯಾರ ಹತ್ತಿರ ಇದೆ? ಈ ವಾರ ಒಮ್ಮೆ ವಿಚಾರಿಸಿ, ನಮಗೂ ಬರೆದು ತಿಳಿಸಿ. ನಿಮ್ಮ ಪತ್ರಗಳನ್ನು ಕಾರ್ಯಕ್ರಮದಲ್ಲಿ ಓದುತ್ತೇವೆ.