ಸರ್ಕಾರಿ ವಕೀಲರು ಇವರೇ ಇರಲಿ ಎಂದ ಆರೋಪಿ

ಉಲ್ಲಾಳ ಉಪನಗರದ ವೀಕ್ಷಕರೊಬ್ಬರು ನನ್ನನ್ನ ಕೇಳಿದ್ರು: "ಕೋರ್ಟ್ ಒಳಗೆ ಕಿತ್ತಾಡೋ ಲಾಯರ್‌ಗಳು ಹೊರಗೆ ಬಂದು ಒಟ್ಟಿಗೆ ಕಾಫಿ ಕುಡೀತಾರಲ್ಲ ಸಾರ್, ಎಲ್ಲಾ ಅಡ್ಜಸ್ಟ್‌ಮೆಂಟಾ?" ಕಾಫಿಯಲ್ಲಿ ತಪ್ಪೇನಿಲ್ಲ ಸ್ವಾಮಿ. ಸಾಕ್ಷಿ ಯಾವತ್ತು ಬರಬೇಕು, ಯಾವ ದಾಖಲೆಗೆ ತಕರಾರಿಲ್ಲ ಅಂತ ಎರಡೂ ಕಡೆಯವರು ಮಾತಾಡಿಕೊಳ್ಳದಿದ್ರೆ, ಜಡ್ಜ್ ಒಬ್ಬರಿಂದ ಕೇಸ್ ಮುಗಿಯಲ್ಲ. ಆದ್ರೆ ಹೊಂದಾಣಿಕೆ ಎಲ್ಲಿ ಹದ್ದು ಮೀರುತ್ತೆ? ನಮ್ಮ ಬೆಂಗಳೂರಲ್ಲೇ ನಡೆದ ಜಯಲಲಿತಾ ಕೇಸ್ ನೋಡಿ.

1991ರಿಂದ 1996ರ ಅಧಿಕಾರಾವಧಿಯಲ್ಲಿ ಆದಾಯ ಮೀರಿ 66.65 ಕೋಟಿ ರೂಪಾಯಿ ಆಸ್ತಿ ಮಾಡಿದರೆಂಬ ಆರೋಪ. ಚೆನ್ನೈನಲ್ಲಿ ವಿಚಾರಣೆ ನಡೆಯುತ್ತಿದ್ದಾಗ, 2001ರಲ್ಲಿ ಆರೋಪಿಯೇ ಮತ್ತೆ ಮುಖ್ಯಮಂತ್ರಿ! ಸರ್ಕಾರಿ ವಕೀಲರು ಅವರದೇ ಸರ್ಕಾರದವರು. 76 ಸಾಕ್ಷಿಗಳನ್ನು ಪಾಟೀ ಸವಾಲಿಗೆ ವಾಪಸ್ ಕರೆಸಲಾಯ್ತು. 64 ಮಂದಿ ಮೊದಲಿನ ಹೇಳಿಕೆಯಿಂದ ಹಿಂದೆ ಸರಿದರು. ಸರ್ಕಾರಿ ವಕೀಲರು ತುಟಿ ಪಿಟಕ್ ಅನ್ನಲಿಲ್ಲ. ಡಿಎಂಕೆಯ ಅನ್ಬಳಗನ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2003ರ ನವೆಂಬರ್ 18ರಂದು ಕೇಸ್ ಬೆಂಗಳೂರಿಗೆ ವರ್ಗವಾಯ್ತು.

ಇಲ್ಲಿ ಬಿ.ವಿ. ಆಚಾರ್ಯ ವಿಶೇಷ ಸರ್ಕಾರಿ ವಕೀಲರಾದರು, 2012ರಲ್ಲಿ ರಾಜೀನಾಮೆ ಕೊಟ್ಟರು. ಮರುವರ್ಷ ಜಿ. ಭವಾನಿ ಸಿಂಗ್ ಬಂದರು. ಅವರ ನೇಮಕವನ್ನು ಕರ್ನಾಟಕ ಸರ್ಕಾರ ಹಿಂಪಡೆದಾಗ ಸುಪ್ರೀಂ ಕೋರ್ಟಿಗೆ ಹೋದದ್ದು ಯಾರು ಗೊತ್ತಾ? ಆರೋಪಿ! ಇವರೇ ಇರಲಿ ಅಂತ. 2013ರ ಸೆಪ್ಟೆಂಬರ್ 30ರಂದು ಕೋರ್ಟ್ ಒಪ್ಪಿ, ಸರ್ಕಾರದ ಆದೇಶವನ್ನೇ ರದ್ದು ಮಾಡಿತು. ಕಾನೂನಿನ ಲೆಕ್ಕದಲ್ಲಿ ಸರಿ ಇರಬಹುದು. ಆದ್ರೆ ತನ್ನ ಮೇಲೆ ಶಿಕ್ಷೆ ಕೇಳೋ ವಕೀಲ ಯಾರಿರಬೇಕು ಅನ್ನೋ ಕಾಳಜಿ ಆರೋಪಿಗ್ಯಾಕೆ? ನನಗಂತೂ ಇವತ್ತಿಗೂ ವಿಚಿತ್ರ.

ಕೇಸ್ ದಡ ಮುಟ್ಟಿದ್ದು ನ್ಯಾಯಾಧೀಶ ಜಾನ್ ಮೈಕೆಲ್ ಡಿ'ಕುನ್ಹಾ ಅವರಿಂದ. 2014ರ ಸೆಪ್ಟೆಂಬರ್ 27, ಪರಪ್ಪನ ಅಗ್ರಹಾರ: 4 ವರ್ಷ ಜೈಲು, 100 ಕೋಟಿ ದಂಡ.

ಹೈಕೋರ್ಟ್ ಮೇಲ್ಮನವಿಗೆ ಭವಾನಿ ಸಿಂಗ್ ಅವರನ್ನು ನೇಮಿಸಿದ್ದು ತಮಿಳುನಾಡು. ಆ ಅಧಿಕಾರ ಕರ್ನಾಟಕಕ್ಕೆ ಮಾತ್ರ, ನೇಮಕ ಅಸಿಂಧು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2015ರ ಏಪ್ರಿಲ್ 27ಕ್ಕೆ, ಹೈಕೋರ್ಟಲ್ಲಿ ವಾದವೆಲ್ಲ ಮುಗಿದ ಮೇಲೆ! ಆಚಾರ್ಯರಿಗೆ ಸಿಕ್ಕಿದ್ದು ಒಂದೇ ದಿನ, ಅದೂ ಬರೀ ಲಿಖಿತ ವಾದಕ್ಕೆ. ಮೇ 11ರಂದು ಎಲ್ಲರೂ ಖುಲಾಸೆ. ತೀರ್ಪಿನಲ್ಲಿ 10.67 ಕೋಟಿ ಆಗಬೇಕಿದ್ದ ಸಾಲದ ಮೊತ್ತ 24.17 ಕೋಟಿ ಅಂತ ಕೂಡಿತ್ತು. ಕರ್ನಾಟಕದ ವಕೀಲರು ಎದುರು ನಿಂತು ಒಂದೊಂದು ಲೆಕ್ಕಕ್ಕೂ ವಾದಿಸಿದ್ದರೆ ಈ ಕೂಡೋ ತಪ್ಪು ಉಳೀತಿತ್ತಾ?

2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ಶಿಕ್ಷೆ ಎತ್ತಿಹಿಡಿಯಿತು. ಅಷ್ಟರಲ್ಲಿ ಮೊದಲನೇ ಆರೋಪಿ ಬದುಕಿರಲಿಲ್ಲ. ಮರುದಿನ ಶಶಿಕಲಾ ಪರಪ್ಪನ ಅಗ್ರಹಾರಕ್ಕೆ ಬಂದು ಶರಣಾದರು.